ಕೆರೆ ತಳದ ಹೂಳು ಏನು ಹೇಳುತ್ತದೆ? ಹೂಳು ಓದುವ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಕೆರೆ, ಸರೋವರ, ಜೌಗು ನೆಲದ ಹೂಳನ್ನು ಇಪ್ಪತ್ತು ವರ್ಷದಿಂದ ಪರೀಕ್ಷೆ ಮಾಡುತ್ತಿರುವ ಮೇಡಂ ಇವತ್ತು ಗುಂಪಿನಲ್ಲಿದ್ದಾರೆ. ಮಾಲಿನ್ಯ, ಹಳೆಯ ಕಾಲದ ಮಳೆ ಬಿಸಿಲು, ಏನು ಬೇಕಾದರೂ ಕೇಳಿ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮೇಷ್ಟ್ರು: ನಮಸ್ಕಾರ ಮೇಡಂ. ಕೆಸರು ನೋಡಿ ಅದು ಯಾವ ವರ್ಷದ್ದು ಅಂತ ಹೇಗೆ ಹೇಳುತ್ತೀರಿ? ಮಕ್ಕಳು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಮೇಡಂ: ನಮಸ್ಕಾರ ಸರ್. ಹೂಳು ಪದರ ಪದರವಾಗಿ ಕೂರುತ್ತದೆ. ಹಳೆಯದು ಕೆಳಗೆ, ಹೊಸದು ಮೇಲೆ. ದೋಣಿಯಿಂದ ಒಂದು ಕೊಳವೆ ಇಳಿಸಿ, ಆ ಕೆಸರಿನ ಕಂಬವನ್ನು ಕದಡದ ಹಾಗೆ ಮೇಲೆತ್ತುತ್ತೇವೆ. ಆಮೇಲೆ ಅರ್ಧ ಅರ್ಧ ಸೆಂಟಿಮೀಟರ್ ಹೋಳು ಮಾಡುತ್ತೇವೆ.
ಕಳೆದ ನೂರು, ನೂರೈವತ್ತು ವರ್ಷಕ್ಕೆ ಸೀಸ-210 ನೋಡುತ್ತೇವೆ. ಅದು ಗಾಳಿಯಲ್ಲಿರುವ ರೇಡಾನ್‌ನಿಂದ ಹುಟ್ಟಿ ನೀರಿಗೆ ಬೀಳುತ್ತದೆ. ಸುಮಾರು 22 ವರ್ಷಕ್ಕೊಮ್ಮೆ ಅರ್ಧ ಆಗುತ್ತದೆ. ಎಷ್ಟು ಉಳಿದಿದೆ ಅಂತ ಅಳೆದರೆ ಪದರದ ವಯಸ್ಸು ಸಿಗುತ್ತದೆ. ಲೆಕ್ಕ ತಾಳೆ ನೋಡಲು ಸೀಸಿಯಂ-137 ಇದೆ. ಬಯಲಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದ ಕಾಲದ್ದು, ಉತ್ತರ ಗೋಳಾರ್ಧದಲ್ಲಿ 1963ರ ಸುಮಾರಿನ ಪದರದಲ್ಲಿ ಅತಿ ಜಾಸ್ತಿ. ಯುರೋಪಿನ ಎಷ್ಟೋ ಸರೋವರಗಳಲ್ಲಿ 1986ರ ಚೆರ್ನೋಬಿಲ್ ಗುರುತೂ ಸಿಗುತ್ತದೆ.
ಇನ್ನೂ ಹಳೆಯದಕ್ಕೆ ಇಂಗಾಲ-14, ಸುಮಾರು 50,000 ವರ್ಷದವರೆಗೆ. ಜೀವಿ ಬದುಕಿದ್ದಾಗ ಮೈಗೆ ಸೇರುವ ಈ ಇಂಗಾಲ, ಸತ್ತ ಮೇಲೆ ನಿಧಾನವಾಗಿ ಕಡಿಮೆಯಾಗುತ್ತದೆ. ಜಪಾನಿನ ಸುಯಿಗೆತ್ಸು ಸರೋವರದ ತಳದಲ್ಲಿ ವರ್ಷ ವರ್ಷದ ಗೆರೆಗಳೇ ಇವೆ, ಮರದ ಉಂಗುರದ ಹಾಗೆ. ಅಲ್ಲಿ ಹೂತುಹೋದ ಎಲೆಗಳನ್ನು ಅಳೆದು ಇಂಗಾಲ-14ರ ಲೆಕ್ಕವನ್ನೇ ತಿದ್ದಿಕೊಂಡಿದ್ದಾರೆ. ಮಕ್ಕಳಿಗೆ ಆ ಗೆರೆಗಳ ಚಿತ್ರ ತೋರಿಸಿ, ಮಿಕ್ಕದ್ದು ಅವರೇ ಕೇಳುತ್ತಾರೆ.

ಹೊಸ ಸದಸ್ಯ: ಹೂಳಿನಲ್ಲಿ ಚಿನ್ನ ಸಿಗುತ್ತಾ ಮೇಡಂ?

ಎಂಎಸ್ಸಿ ವಿದ್ಯಾರ್ಥಿನಿ: ಮೇಡಂ, ನನ್ನ ಪ್ರಾಜೆಕ್ಟಿನ ಕೋರ್‌ನಲ್ಲಿ, ಅಂದರೆ ಕೊಳವೆಯಲ್ಲಿ ತೆಗೆದ ಕೆಸರಿನ ಕಂಬದಲ್ಲಿ, ಮೇಲಿನ ಎರಡು ಸೆಂಟಿಮೀಟರ್ ಹೂಳೇ 900 ವರ್ಷ ಹಳೆಯದು ಅಂತ ಇಂಗಾಲ-14 ರಿಪೋರ್ಟ್ ಬಂದಿದೆ. ಗೈಡ್ ಲ್ಯಾಬಿನ ತಪ್ಪು ಅಂತಿದ್ದಾರೆ. ಎಲ್ಲಾ ಬಿಸಾಡಬೇಕಾ?

ಮೇಡಂ: ಬಿಸಾಡಬೇಡಮ್ಮಾ. ನಿನ್ನ ಕೆರೆಗೆ ನೀರು ಬರುವ ದಾರಿಯಲ್ಲಿ ಸುಣ್ಣಕಲ್ಲು ಇದೆಯಾ ನೋಡು. ಸುಣ್ಣಕಲ್ಲಿನ ಇಂಗಾಲ ಲಕ್ಷಾಂತರ ವರ್ಷ ಹಳೆಯದು. ಅದರಲ್ಲಿ ಇಂಗಾಲ-14 ಉಳಿದೇ ಇರುವುದಿಲ್ಲ. ಅದು ನೀರಲ್ಲಿ ಕರಗಿ ಬಂದಾಗ ಪಾಚಿ, ಬಸವನಹುಳು ಎಲ್ಲ ಅದನ್ನೇ ಮೈಗೆ ಹಾಕಿಕೊಳ್ಳುತ್ತವೆ. ನಿನ್ನೆ ಸತ್ತ ಹುಳು ನೂರಾರು ವರ್ಷ ಹಳೆಯದಾಗಿ ಕಾಣುತ್ತದೆ.
ಇಡೀ ಹೂಳನ್ನು ಕಳಿಸಬೇಡ. ಜರಡಿಯಲ್ಲಿ ತೊಳೆದು ನೆಲದ ಗಿಡದ ಎಲೆ ಚೂರು, ಬೀಜ, ಇದ್ದಿಲು ಆರಿಸು. ಅವು ಇಂಗಾಲವನ್ನು ಗಾಳಿಯಿಂದ ತೆಗೆದುಕೊಂಡಿರುತ್ತವೆ. ಎರಡು ಮೂರು ಆಳದಲ್ಲಿ ಬೀಜ ಮತ್ತು ಹೂಳು ಎರಡನ್ನೂ ಅಳೆಸಿದರೆ ವ್ಯತ್ಯಾಸ ಎಷ್ಟು ಅಂತ ಗೊತ್ತಾಗುತ್ತದೆ. ಅದು ಎಲ್ಲ ಪದರದಲ್ಲೂ ಒಂದೇ ಇರಬೇಕು ಅಂತೇನಿಲ್ಲ. ಅದಕ್ಕೇ 900 ಕಳೆದು ಸುಮ್ನೆ ಮುಂದೆ ಹೋಗಬೇಡ. ಆ 900ರಿಂದ ನಿನ್ನ ಪ್ರಾಜೆಕ್ಟು ಇನ್ನೂ ಚೆನ್ನಾಗಾಗುತ್ತದೆ.

ನಿವೃತ್ತ ಎಂಜಿನಿಯರ್: ಮಾಲಿನ್ಯ ಅನ್ನೋದು ಕಾರ್ಖಾನೆ ಬಂದ ಮೇಲಿನದ್ದು ಅಲ್ವಾ? ಅದಕ್ಕೆ ಹಳೆಯ ಕೆಸರು ಯಾಕೆ ಬೇಕು?

ಮೇಡಂ: ಹಳೆಯದು ಗೊತ್ತಿಲ್ಲದೆ ಎಷ್ಟು ಕೆಟ್ಟಿದೆ ಅಂತ ಹೇಗೆ ಹೇಳುವುದು ಸರ್? ಸ್ವೀಡನ್ನಿನ ಸರೋವರಗಳಲ್ಲಿ ಸುಮಾರು 2,000 ವರ್ಷ ಹಿಂದಿನ ಪದರದಲ್ಲೇ ಸೀಸ ಏರಿದೆ. ರೋಮನ್ನರ ಕಾಲದಲ್ಲಿ ಅದಿರು ಕರಗಿಸಿದ ಹೊಗೆ ಅಷ್ಟು ದೂರ ಹೋಗಿ ಬಿದ್ದಿತ್ತು. ಅಲ್ಲೇ 1970ರ ದಶಕದಲ್ಲಿ ಇನ್ನೂ ದೊಡ್ಡ ಏರಿಕೆ, ಆಮೇಲೆ ಇಳಿಕೆ. ಪೆಟ್ರೋಲಿಗೆ ಸೀಸ ಬೆರೆಸುವುದು ಬಿಟ್ಟಿದ್ದು ಕೆಸರಿನಲ್ಲಿ ಕಾಣುತ್ತದೆ. ಯಾವ ಕಡತ ಕಳೆದುಹೋದರೂ ಈ ಲೆಕ್ಕ ಕಳೆಯುವುದಿಲ್ಲ.

ಮೀನು ಸಾಕುವವರು: ಕೆಸರಿನ ವಯಸ್ಸು ಹೇಗೆ ಗೊತ್ತಾಗುತ್ತೆ?

ಮೇಡಂ: ಮೊದಲನೇ ಉತ್ತರ ನೋಡಿ.

ಗೋಡು ಹೊಡೆಸಿದವರು: ಮೇಡಂ ನಮಸ್ಕಾರ. ಕೆರೆ ಬತ್ತಿದೆ ಅಂತ ನಲವತ್ತು ಲೋಡು ಗೋಡು ಹೊಡೆಸಿದ್ದೇನೆ, ಸೊಪ್ಪಿನ ಮಡಿಗೆ ಹಾಕೋಣ ಅಂತ. ತೆಗೆದಾಗ ಕರ್ರಗಿತ್ತು, ಒಳ್ಳೇ ಸಾರ ಇದೆ ಅಂದುಕೊಂಡೆ. ಈಗ ಒಣಗುತ್ತಾ ಮೇಲೆ ತುಕ್ಕಿನಂಥ ಪುಡಿ ಬಂದಿದೆ. ರಾಶಿ ಬುಡದ ಹುಲ್ಲು ಸುಟ್ಟ ಹಾಗೆ ಆಗಿದೆ. ಕೆರೆಯ ಮೇಲ್ಗಡೆ ಹಿಂದೆ ಬ್ಯಾಟರಿ ಒಡೆಯುವ ಶೆಡ್ಡು, ಲೋಹಕ್ಕೆ ಲೇಪ ಹಾಕುವ ಶೆಡ್ಡು ಇದ್ದವು. ಮುಚ್ಚಿ ಹದಿನೈದು ವರ್ಷ ಆಯಿತು. ಏನೂ ತೊಂದರೆ ಇಲ್ಲ ಅಲ್ವಾ? ಮಗ ಶಾಲೆ ಬಿಟ್ಟು ಬಂದರೆ ಆ ರಾಶಿ ಮೇಲೇ ಆಡುತ್ತಾನೆ.

ಮೇಡಂ: ಮೊದಲು ಮಗನನ್ನು ಅಲ್ಲಿಂದ ಕರೆದುಕೊಳ್ಳಿ. ಆಮೇಲೆ ಇದನ್ನು ಓದಿ.
ಶೆಡ್ಡು ಮುಚ್ಚಿದೆ ಅಂದರೆ ಕೆಸರು ಶುದ್ಧ ಆಯಿತು ಅಂತಲ್ಲ. ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಕೊಳೆಯುವ ವಸ್ತುಗಳಲ್ಲ. ಬಿದ್ದ ಪದರದಲ್ಲೇ ಕೂತಿರುತ್ತವೆ. ಕೆಸರು ಕರ್ರಗಿರುವುದು ಬರೀ ಸಾರದಿಂದ ಅಲ್ಲ. ನೀರಿನಡಿ ಗಾಳಿ ಸಿಗದೆ ಗಂಧಕ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಸೀಸ, ಕ್ಯಾಡ್ಮಿಯಂಗಳನ್ನೂ ಅದೇ ಗಂಧಕ ಗಟ್ಟಿಯಾಗಿ ಹಿಡಿದಿಟ್ಟಿರುತ್ತದೆ. ನೀರಿನಡಿ ಇರುವವರೆಗೆ ಅವು ಅಷ್ಟಾಗಿ ಓಡಾಡುವುದಿಲ್ಲ. ನೀವು ಅದನ್ನು ಗಾಳಿಗೆ ಹಾಕಿದಿರಿ. ಗಾಳಿ ತಾಗಿದ ಗಂಧಕ ಗಂಧಕಾಮ್ಲ ಆಗುತ್ತದೆ. ತುಕ್ಕಿನ ಪುಡಿ, ಸುಟ್ಟ ಹುಲ್ಲು ಎರಡೂ ಅದನ್ನೇ ಹೇಳುತ್ತಿವೆ ಅಂತ ನನಗೆ ಅನಿಸುತ್ತದೆ. ಆಮ್ಲ ಆದಾಗ ಹಿಡಿದಿಟ್ಟ ಲೋಹ ಬಿಡುಗಡೆ ಆಗಿ ಮಳೆನೀರಿನ ಜೊತೆ ಹೊರಡುತ್ತದೆ.
ಇವತ್ತೇ ಮಾಡಬೇಕಾದ್ದು: ರಾಶಿಗೆ ಟಾರ್ಪಾಲು ಹೊದಿಸಿ. ಸುತ್ತ ಬದು ಕಟ್ಟಿ, ಮಳೆ ಬಂದರೆ ನೀರು ಬಾವಿ ಕಡೆ ಹರಿಯಬಾರದು. ಒಂದು ಬುಟ್ಟಿಯನ್ನೂ ಮಡಿಗೆ ಹಾಕಬೇಡಿ. ಸೊಪ್ಪು ಕ್ಯಾಡ್ಮಿಯಂ ಅನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಮಗನ ಕೈಕಾಲು, ಉಗುರು ತೊಳೆಸಿ. ಆ ಚಪ್ಪಲಿ, ಬಟ್ಟೆ ಮನೆಯೊಳಗೆ ಬೇಡ. ಡಾಕ್ಟರ ಹತ್ತಿರ ಹೋಗಿ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಗಾಬರಿ ಬೇಡ, ತಡವೂ ಬೇಡ.
ಮಣ್ಣಿನ ಪರೀಕ್ಷೆ: ಪ್ಲಾಸ್ಟಿಕ್ ಸೌಟಿನಿಂದ ರಾಶಿಯ ಹತ್ತು ಕಡೆ, ಮೇಲೂ ಒಳಗೂ, ತೆಗೆದು ಬೆರೆಸಿ. ಗೋಡು ಬೀಳದ ನಿಮ್ಮ ಹೊಲದ ಮಣ್ಣನ್ನೂ ಹೋಲಿಕೆಗೆ ಕಳಿಸಿ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ಸತು, ಆರ್ಸೆನಿಕ್ ಅಂತ ಹೆಸರು ಹೇಳಿ ಕೇಳಿ. ಬರೀ ಗೊಬ್ಬರದಂಶದ ಪರೀಕ್ಷೆಯಲ್ಲಿ ಇವು ಬರುವುದಿಲ್ಲ. ಪಿಎಚ್ ಅನ್ನು ಹಸಿ ಇದ್ದಾಗ ಒಮ್ಮೆ, ಗಾಳಿಗೆ ಬಿಟ್ಟು ಕೆಲವು ವಾರದ ಮೇಲೆ ಇನ್ನೊಮ್ಮೆ ನೋಡಿಸಿ.
ಕೆರೆಯಲ್ಲಿ ಅಗೆದ ಗುಂಡಿಯ ಗೋಡೆ ಇನ್ನೂ ನಿಂತಿದೆಯಾ? ಇದ್ದರೆ ಅದರ ಫೋಟೊ ಹಾಕಿ, ದಡದಿಂದಲೇ. ಒಳಗೆ ಇಳಿಯಬೇಡಿ. ಗೋಡೆ ಕುಸಿಯಬಹುದು. ಕೊಳೆತ ಮೊಟ್ಟೆ ವಾಸನೆ ಬಂದು ನಿಂತುಹೋದರೆ ಗಾಳಿ ಸರಿಯಾಯಿತು ಅಂತಲ್ಲ. ಆ ಅನಿಲ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ.

ಶುಭಚಿಂತಕ: ಎಲ್ಲರಿಗೂ ಶೇರ್ ಮಾಡಿ! ಸೂಕ್ಷ್ಮಾಣು ಬೆರೆಸಿದ ಮಣ್ಣಿನ ಉಂಡೆ ಎಸೆದರೆ ಸೀಸ, ಪಾದರಸ, ಎಲ್ಲಾ ವಿಷವನ್ನೂ ಏಳೇ ದಿನದಲ್ಲಿ ತಿಂದು ಮುಗಿಸುತ್ತವೆ. ಪರೀಕ್ಷೆ ಗಿರೀಕ್ಷೆ ಬೇಕಿಲ್ಲ.

ಮೇಡಂ: ಸೀಸ ಒಂದು ಮೂಲವಸ್ತು. ಅದನ್ನು ಯಾವ ಸೂಕ್ಷ್ಮಾಣುವೂ ತಿಂದು ಇಲ್ಲವಾಗಿಸಲಾರದು. ಪಾದರಸದ ವಿಷಯ ಇನ್ನೂ ಕೆಟ್ಟದ್ದು. ಗಾಳಿಯಿಲ್ಲದ ಕೆಸರಿನ ಕೆಲವು ಸೂಕ್ಷ್ಮಾಣುಗಳೇ ಅದನ್ನು ಮೀಥೈಲ್ ಪಾದರಸ ಮಾಡಿ ಮೀನಿಗೆ ದಾಟಿಸುತ್ತವೆ. ಜಪಾನಿನ ಮಿನಮಾಟಾ ಕೊಲ್ಲಿಯಲ್ಲಿ ಪಾದರಸದ ಕೆಸರನ್ನು ತೆಗೆದು, ಮುಚ್ಚಿ ಮುಗಿಸಲು 1977ರಿಂದ 1990ರವರೆಗೆ ಹಿಡಿಯಿತು. ಏಳು ದಿನದ ಮಾತು ಹೇಳಬೇಡಿ.

ಶುಭಚಿಂತಕ: ಹಾಗಾದರೆ ಸುಣ್ಣ ಹಾಕಲಿ. ಲೋಹ ಸತ್ತುಹೋಗುತ್ತೆ.

ಮೇಡಂ: ಸುಣ್ಣ ಆಮ್ಲವನ್ನು ತಗ್ಗಿಸುತ್ತದೆ, ಲೋಹವನ್ನು ತೆಗೆಯುವುದಿಲ್ಲ. ಆರ್ಸೆನಿಕ್ ಇದ್ದರೆ ಸುಣ್ಣ ಜಾಸ್ತಿಯಾದಾಗ ಅದು ಇನ್ನಷ್ಟು ಓಡಾಡಬಹುದು. ರಿಪೋರ್ಟ್ ಬರುವ ಮುಂಚೆ ಏನೂ ಹಾಕುವುದು ಬೇಡ.

ಮೀನು ಸಾಕುವವರು: ಪಟಿಕ ಎಸೆದರೆ ಪಾಚಿ ಹೋಗುತ್ತೆ ಅಂತ ವಿಡಿಯೋ ಬಂದಿದೆ. ನಮ್ಮ ಕೆರೆಗೆ ಕೊಳಚೆ ಬರುವುದು ನಿಂತು ಐದು ವರ್ಷ, ಆದರೂ ಹಸಿರು ಪಾಚಿ. ಹಾಕಲಾ?

ಮೇಡಂ: ಅಳತೆ ಇಲ್ಲದೆ ಹಾಕಬೇಡಿ. ಪಟಿಕ ಪಾಚಿಯ ಊಟವಾದ ರಂಜಕವನ್ನು ಹಿಡಿಯುತ್ತದೆ, ಅದು ನಿಜ. ಆದರೆ ನೀರಿಗೆ ಆಮ್ಲ ತಡೆಯುವ ಶಕ್ತಿ ಕಡಿಮೆ ಇದ್ದರೆ ಮೀನು ಸಾಯುತ್ತವೆ. ನಿಮ್ಮ ಪಾಚಿಗೆ ಊಟ ಬರುತ್ತಿರುವುದು ತಳದಿಂದಲೇ ಇರಬೇಕು. ತಳದಲ್ಲಿ ಆಮ್ಲಜನಕ ಖಾಲಿಯಾದಾಗ ಕಬ್ಬಿಣ ತಾನು ಹಿಡಿದಿದ್ದ ರಂಜಕವನ್ನು ಬಿಟ್ಟುಬಿಡುತ್ತದೆ.

ಕೆರೆ ಉಳಿಸಿ ಬಳಗದವರು: ಅದಕ್ಕೇ ನಾವು ಹೇಳೋದು, ಎಲ್ಲಾ ಕೆರೆಯ ಹೂಳನ್ನೂ ಬುಡದವರೆಗೆ ಎತ್ತಬೇಕು!

ಎಂಎಸ್ಸಿ ವಿದ್ಯಾರ್ಥಿನಿ: ಮೇಲೆ ನಲವತ್ತು ಲೋಡಿನ ಕಥೆ ಓದಿಲ್ವಾ ಸರ್?

ಕೆರೆ ಉಳಿಸಿ ಬಳಗದವರು: ಓದಿದೆ. ಒಬ್ಬರ ಕಥೆ ಹಿಡಿದು ಎಲ್ಲಾ ಕೆಲಸ ನಿಲ್ಲಿಸಬೇಕಾ? ಹೂಳು ತುಂಬಿದ ಕೆರೆಯಲ್ಲಿ ನೀರು ಎಲ್ಲಿ ನಿಲ್ಲುತ್ತೆ? ಪುಸ್ತಕ ಓದಿದರೆ ಸಾಲದು.

ಎಂಎಸ್ಸಿ ವಿದ್ಯಾರ್ಥಿನಿ: ಪುಸ್ತಕವನ್ನೂ ಓದದೆ ಜೆಸಿಬಿ ಇಳಿಸಿದರೆ ಸಾಕಾ?

ಮೇಡಂ: ಇಬ್ಬರೂ ಸ್ವಲ್ಪ ನಿಲ್ಲಿ. ಸ್ವೀಡನ್ನಿನ ಟ್ರುಮ್ಮೆನ್ ಸರೋವರದಲ್ಲಿ ಮೊದಲು ಕೊಳಚೆ ನಿಲ್ಲಿಸಿದರು. ಹತ್ತು ವರ್ಷ ಕಾದರೂ ನೀರು ತಿಳಿಯಾಗಲಿಲ್ಲ. ಆಮೇಲೆ ಕೆಸರನ್ನು ಓದಿ, ಮಾಲಿನ್ಯ ಇರುವುದು ಮೇಲಿನ ಪದರದಲ್ಲಿ ಅಂತ ತಿಳಿದುಕೊಂಡು, 1970–71ರಲ್ಲಿ ಸುಮಾರು ಒಂದು ಮೀಟರ್ ಎತ್ತಿದರು. ಸರೋವರ ಚೇತರಿಸಿತು. ಹೂಳು ಎತ್ತಿ. ಆದರೆ ಮೊದಲು ಓದಿ, ಆಮೇಲೆ ಎತ್ತಿ. ಬುಡದವರೆಗೆ ಅಲ್ಲ.

ಪಿಯು ವಿದ್ಯಾರ್ಥಿ: ಇದನ್ನು ಕಲಿಯಲು ಯಾವ ಕೋರ್ಸ್ ಮಾಡಬೇಕು ಮೇಡಂ?

ನಿವೃತ್ತ ಎಂಜಿನಿಯರ್: ಹವಾಮಾನ ಹಿಂದೆಯೂ ಬದಲಾಗಿದೆ ಅಂತ ನಿಮ್ಮ ಕೆಸರೇ ಹೇಳುತ್ತೆ. ಹಾಗಾದರೆ ಈಗ ಮನುಷ್ಯನ ಮೇಲೆ ಯಾಕೆ ಹೊರೆ?

ಎಂಎಸ್ಸಿ ವಿದ್ಯಾರ್ಥಿನಿ: ಈ ಪ್ರಶ್ನೆ ಹೋದ ತಿಂಗಳೂ ಕೇಳಿದ್ರಿ ಸರ್.

ನಿವೃತ್ತ ಎಂಜಿನಿಯರ್: ಉತ್ತರ ಬರಲಿಲ್ಲ, ಅದಕ್ಕೆ ಕೇಳಿದೆ. ನೀನು ಮೇಡಂ ವಕೀಲಳಾ?

ಮೇಡಂ: ಬದಲಾಗಿದೆ ಸರ್, ಚೆನ್ನಾಗಿಯೇ ಬದಲಾಗಿದೆ. ಹರಿಯಾಣದ ಕೋಟ್ಲಾ ದಾಹರ್ ಅನ್ನುವ ಒಣಗಿದ ಸರೋವರದ ಬಸವನಹುಳು ಚಿಪ್ಪುಗಳಲ್ಲಿ ಆಮ್ಲಜನಕದ ಎರಡು ಬಗೆಯನ್ನು ಅಳೆದು, ಸುಮಾರು 4,100 ವರ್ಷದ ಹಿಂದೆ ಮುಂಗಾರು ತಟ್ಟನೆ ಸೊರಗಿತು ಅಂತ ಕಂಡುಕೊಂಡರು. ನೀಲಗಿರಿಯ ಜೌಗು ಮಣ್ಣಿನಿಂದ 20,000 ವರ್ಷದ ಕಥೆ 1993ರಲ್ಲೇ ಬಂದಿದೆ. ಒಣಹವೆಯ ಹುಲ್ಲು ಮತ್ತು ಮರಗಳು ಬೇರೆ ಬೇರೆ ಇಂಗಾಲದ ಗುರುತು ಬಿಡುತ್ತವೆ. ಅದರಿಂದ ಮಳೆ ಹೆಚ್ಚಾದ, ಕಡಿಮೆಯಾದ ಕಾಲ ಓದಿದರು.
ಹವಾಮಾನ ಸುಲಭವಾಗಿ ಅಲುಗಾಡುತ್ತದೆ ಅಂತ ಈ ಕೆಸರು ತೋರಿಸುತ್ತದೆ. ನಾವು ಏನೂ ಮಾಡಿಲ್ಲ ಅಂತ ತೋರಿಸುವುದಿಲ್ಲ. ಮೇಲಿನ ಪದರದಲ್ಲಿ ಕಲ್ಲಿದ್ದಲು, ಎಣ್ಣೆಯನ್ನು ಭಾರಿ ಕಾವಿನಲ್ಲಿ ಸುಟ್ಟಾಗ ಹುಟ್ಟುವ ಕಪ್ಪು ಗುಂಡು ಕಣಗಳು ಸಿಗುತ್ತವೆ. ಸಾಸಿವೆ ಕಾಳಿನ ಹಾಗೆ ದುಂಡಗೆ, ಮೈತುಂಬ ಸಣ್ಣ ತೂತು. ಸೂಕ್ಷ್ಮದರ್ಶಕದಲ್ಲಿ ನಾನೇ ದಿನವಿಡೀ ಎಣಿಸಿದ್ದೇನೆ. ಅವು ಪ್ರಕೃತಿಯಲ್ಲಿ ತಾನಾಗಿ ಆಗುವುದಿಲ್ಲ. ಅಷ್ಟು ಸುಟ್ಟ ಹೊಗೆ ಎಲ್ಲಿ ಹೋಯಿತು ಅಂತ ನೀವೇ ಯೋಚನೆ ಮಾಡಿ.

ನಿವೃತ್ತ ಎಂಜಿನಿಯರ್: ಕೆನಡಾದ ಕ್ರಾಫರ್ಡ್ ಸರೋವರದ ಕೆಸರು ತೋರಿಸಿ, ಮನುಷ್ಯನಿಂದ ಭೂಮಿಯ ಹೊಸ ಯುಗವೇ ಶುರುವಾಗಿದೆ ಅಂದ ವಾದವನ್ನು ವಿಜ್ಞಾನಿಗಳೇ ತಳ್ಳಿಹಾಕಿದ್ದಾರಲ್ಲ?

ಮೇಡಂ: 2024ರಲ್ಲಿ ತಳ್ಳಿಹಾಕಿದ್ದು ಭೂಮಿಯ ಕಾಲಪಟ್ಟಿಗೆ ಹೊಸ ಯುಗದ ಹೆಸರು ಸೇರಿಸುವ ಪ್ರಸ್ತಾಪವನ್ನು. ಆ ಕೆಸರಿನಲ್ಲಿರುವ ಅಣುಬಾಂಬ್ ಪರೀಕ್ಷೆಯ ಪ್ಲುಟೋನಿಯಂ, ಬೂದಿ ಕಣಗಳು ಅಲ್ಲೇ ಇವೆ. ಇದಕ್ಕೆ ಇನ್ನು ಬರೆಯುವುದಿಲ್ಲ.

ಶುಭಚಿಂತಕ: ಮಣ್ಣಿನಲ್ಲಿ ಅಯಸ್ಕಾಂತ ಓಡಾಡಿಸಿ, ಏನೂ ಅಂಟದಿದ್ದರೆ ಲೋಹ ಇಲ್ಲ. ಲ್ಯಾಬಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಮೇಡಂ: ಸೀಸ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕ್ಯಾಡ್ಮಿಯಂ ಅಂಟುವುದಿಲ್ಲ. ಈ ಪೋಸ್ಟ್ ತೆಗೆಯಿರಿ.

ಶುಭಚಿಂತಕ: ಒಳ್ಳೆಯದು ಹೇಳಿದರೆ ಇಷ್ಟು ಸಿಟ್ಟಾ? ಓದಿದವರಿಗೆ ಅಹಂಕಾರ.

ಮೇಡಂ: ನನ್ನ ಮೇಲೆ ಬೇಜಾರು ಮಾಡಿಕೊಳ್ಳಿ, ಪರವಾಗಿಲ್ಲ. ಒಂದು ಮಗು ಆ ರಾಶಿ ಮೇಲೆ ಆಡಿದೆ. ಅವರ ಅಪ್ಪ ಈ ಗುಂಪು ಓದುತ್ತಿದ್ದಾರೆ. ಪೋಸ್ಟ್ ತೆಗೆಯಿರಿ.

ಅಡ್ಮಿನ್: ತೆಗೆದಿದ್ದೇನೆ. ಎಲ್ಲರೂ ಮಾತಿನಲ್ಲಿ ಹಿಡಿತ ಇಟ್ಟುಕೊಳ್ಳಿ.

ಇನ್ನೊಬ್ಬ ಸದಸ್ಯ: ತಡವಾಗಿ ಬಂದೆ. ಕೆಸರಿನ ವಯಸ್ಸು ಹೇಗೆ ಲೆಕ್ಕ ಹಾಕ್ತೀರಿ?

ಮೇಡಂ: ಮೇಲಿದೆ.

ಗೋಡು ಹೊಡೆಸಿದವರು: ಮೇಡಂ, ಟಾರ್ಪಾಲು ಹೊದಿಸಿ ಬದು ಕಟ್ಟಿದೆ. ಮಗನಿಗೆ ಸ್ನಾನ ಮಾಡಿಸಿದೆವು. ಗುಂಡಿಯ ಫೋಟೊ ದಡದಿಂದ ತೆಗೆದಿದ್ದೇನೆ. ಮೇಲೆ ಎರಡು ಅಡಿ ಕಪ್ಪು. ಅದರ ಕೆಳಗೆ ಬೆರಳು ದಪ್ಪದ ಬೂದು ಪಟ್ಟಿ. ಅದಕ್ಕೂ ಕೆಳಗೆ ಕಂದು ಮಣ್ಣು, ಅದರ ತುಂಬ ಬಿಳಿ ಬಿಳಿ ಚಿಪ್ಪು.

ಮೇಡಂ: ತುಂಬಾ ಒಳ್ಳೆಯ ಫೋಟೊ. ನೋಡಿ, ಕೆಳಗಿನ ಮಣ್ಣಿನ ಕಾಲದಲ್ಲಿ ಬಸವನಹುಳುಗಳು ಚೆನ್ನಾಗಿಯೇ ಬದುಕಿದ್ದವು. ಕಪ್ಪು ಪದರದಲ್ಲಿ ಒಂದು ಚಿಪ್ಪೂ ಕಾಣುತ್ತಿಲ್ಲ. ಹುಳು ಸತ್ತವೋ, ಆಮ್ಲದಲ್ಲಿ ಚಿಪ್ಪು ಕರಗಿತೋ, ಎರಡೂ ಆಗಿರಬಹುದು. ಬೂದು ಪಟ್ಟಿ ಶೆಡ್ಡು ಶುರುವಾದ ಕಾಲದ್ದಾ ಅಂತ ಪರೀಕ್ಷೆ ಹೇಳುತ್ತದೆ. ಕೆಳಗಿನ ಕಂದು ಮಣ್ಣು ಶುದ್ಧ ಇರುವ ಸಾಧ್ಯತೆ ಇದೆ. ಮುಂದೆ ಅದು ನಿಮ್ಮ ಮಡಿಗೆ ಬಂದರೂ ಬರಬಹುದು. ಆದರೆ ಈಗಲೇ ಮುಟ್ಟಬೇಡಿ.
ದಡದಿಂದ ಉದ್ದ ಕೋಲಿಗೆ ಪ್ಲಾಸ್ಟಿಕ್ ಲೋಟ ಕಟ್ಟಿ ಮೂರು ಪದರದ ಮಣ್ಣನ್ನೂ ಬೇರೆ ಬೇರೆ ತೆಗೆಯಿರಿ. ಒಂದರಿಂದ ಇನ್ನೊಂದಕ್ಕೆ ಲೋಟ ಬದಲಿಸಿ. ಚೀಲದ ಮೇಲೆ ಆಳ ಬರೆಯಿರಿ, ಮೇಲಿನಿಂದ ಎಷ್ಟು ಅಡಿ ಅಂತ. ಗಾಳಿ ಹೊರಗೆ ಒತ್ತಿ ಬಾಯಿ ಕಟ್ಟಿ, ತಂಪಿನಲ್ಲಿಡಿ. ಒಣಗಿಸಬೇಡಿ. ಮಗನ ರಕ್ತ ಪರೀಕ್ಷೆ ಯಾವಾಗ?

ಗೋಡು ಹೊಡೆಸಿದವರು: ನಾಳೆ ಬೆಳಿಗ್ಗೆ ಮೇಡಂ. ಅವನ ತಂಗಿಯನ್ನೂ ಕರೆದುಕೊಂಡು ಹೋಗುತ್ತೇವೆ. ಅವಳೂ ಒಂದೆರಡು ದಿನ ಆಡಿದ್ದಳಂತೆ, ಈಗ ಹೇಳಿದಳು.

ಮೇಡಂ: ಇಬ್ಬರಿಗೂ ಮಾಡಿಸಿ. ರಿಪೋರ್ಟ್ ಬಂದ ತಕ್ಷಣ ಡಾಕ್ಟರಿಗೆ ತೋರಿಸಿ. ಮಣ್ಣಿನ ರಿಪೋರ್ಟ್ ನನಗೆ ಕಳಿಸಿ, ರಾತ್ರಿಯಾದರೂ ಸರಿ.