ಸಿಸೇರಿಯನ್ ಹೊಲಿಗೆ ಗುರುತು ಉಬ್ಬಿದೆ, ಕೊಯ್ಯಿಸದೆ ಏನು ಮಾಡಬಹುದು?

ಪ್ರಶ್ನೆ: ಸಿಸೇರಿಯನ್ ಆಗಿ ನಾಲ್ಕು ತಿಂಗಳು. ಹೊಲಿಗೆ ಜಾಗ ಕೆಂಪಗೆ ಹುರಿಯ ಹಾಗೆ ಉಬ್ಬಿದೆ, ಸಂಜೆಯಾದರೆ ನವೆ. ಮಗುವಿಗೆ ಹಾಲೂಡಿಸುತ್ತಿದ್ದೇನೆ. ಏನು ಮಾಡಲಿ?

— ಮೊದಲು ಅಂಚು ಮುಟ್ಟಿ ನೋಡಿ. ಉಬ್ಬು ಕೊಯ್ದ ಗೆರೆಯೊಳಗೇ ಇದ್ದರೆ ಹೈಪರ್‌ಟ್ರೋಫಿಕ್ ಕಲೆ. ವರ್ಷ, ಒಂದೂವರೆ ವರ್ಷದಲ್ಲಿ ಎಷ್ಟೋ ಸಲ ತಾನಾಗೇ ಕೂರುತ್ತದೆ. ಗೆರೆ ದಾಟಿ ಪಕ್ಕದ ಚರ್ಮಕ್ಕೂ ಹಬ್ಬುತ್ತಿದ್ದರೆ ಕೀಲಾಯ್ಡ್. ಅದನ್ನು ಬರೀ ಕೊಯ್ದು ತೆಗೆಸಿದರೆ ಸಾಮಾನ್ಯವಾಗಿ ಮತ್ತೆ ಬರುತ್ತೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ.

— ಕಲೆಯ ಮೇಲೆ ಅಂಟಿಸುವ ಮೆತ್ತನೆಯ ಸಿಲಿಕೋನ್ ಶೀಟಿನಿಂದ ಶುರು ಮಾಡಿ. ಕಲೆಯ ತೇವ ಆರದಂತೆ ತಡೆಯುವುದೇ ಅದರ ಕೆಲಸ. ಗುರುತಿಗಿಂತ ಸುತ್ತ ಒಂದು ಸೆಂಟಿಮೀಟರ್ ಹೆಚ್ಚು ಬರುವ ಹಾಗೆ ಕತ್ತರಿಸಿ, ಮೂಲೆ ದುಂಡಗೆ ಮಾಡಿ. ಚೂಪು ಮೂಲೆ ಬಟ್ಟೆಗೆ ಸಿಕ್ಕಿ ಎದ್ದುಬಿಡುತ್ತೆ. ಮೊದಲೆರಡು ದಿನ ನಾಲ್ಕು ಗಂಟೆ, ಆಮೇಲೆ ಏರಿಸುತ್ತಾ 12ರಿಂದ 20 ಗಂಟೆ. ದಿನಾ ಸೌಮ್ಯ ಸೋಪಿನಲ್ಲಿ ತೊಳೆದು ಗಾಳಿಗೆ ಒಣಗಿಸಿ. ಟವೆಲ್ಲಲ್ಲಿ ಒರೆಸಿದರೆ ನೂಲು ಹಿಡಿದು ಅಂಟು ಹೋಗುತ್ತೆ. ಒಂದು ಶೀಟು ಎರಡರಿಂದ ನಾಲ್ಕು ವಾರ ಬರುತ್ತದೆ. ಮೂರು ತಿಂಗಳಾಗುವ ಮೊದಲು ‘ಕೆಲಸ ಮಾಡ್ಲಿಲ್ಲ’ ಅನ್ನಬೇಡಿ.

— ಮಂಗಳೂರು, ಉಡುಪಿ ಕಡೆಯ ಸೆಕೆಗೆ 20 ಗಂಟೆ ಅಂದರೆ ಬೆವರುಸಾಲೆ ಕರೆದಂತೆ. ಗುಳ್ಳೆ ಎದ್ದರೆ ಚರ್ಮ ತಿಳಿಯಾಗುವ ತನಕ ಬಿಟ್ಟು, ಆಮೇಲೆ ರಾತ್ರಿ ಮಾತ್ರ ಶೀಟು, ಹಗಲಿಗೆ ಸಿಲಿಕೋನ್ ಜೆಲ್. ಜೆಲ್ ತೆಳುವಾಗಿ ಸವರಿ, ನಾಲ್ಕೈದು ನಿಮಿಷದಲ್ಲಿ ಒಣಗಬೇಕು. ಬಟ್ಟೆಗೆ ಮೆತ್ತಿದರೆ ಹೆಚ್ಚಾಯಿತು ಅಂತಲೇ ಅರ್ಥ. ಇಲಾಸ್ಟಿಕ್ ಗೆರೆಯ ಮೇಲೇ ಕೂರುವ ಒಳಉಡುಪು ಬೇಡ, ಉಜ್ಜಿದಷ್ಟೂ ನವೆ.

— ಮಸಾಜೂ ಇರಲಿ: ಐದು ನಿಮಿಷ, ದಿನಕ್ಕೆರಡು ಸಲ, ಕಲೆ ಬಿಳಿಚುವಷ್ಟು ಒತ್ತಿ. ಮೇಲೆ ಉಜ್ಜುವುದಲ್ಲ, ಚರ್ಮವನ್ನು ಒಳಪದರದ ಮೇಲೆ ಜರುಗಿಸಬೇಕು. ಕೊಬ್ಬರಿ ಎಣ್ಣೆ ಸಾಕು. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚಿ ಅಲರ್ಜಿ ತಂದುಕೊಳ್ಳುವವರೂ ಇದ್ದಾರೆ. ಎಣ್ಣೆ ತೊಳೆಯದೆ ಶೀಟು ಹಾಕಿದರೆ ಅಂಟಲ್ಲ.

— ಇಷ್ಟಕ್ಕೂ ಬಗ್ಗದಿದ್ದರೆ, ಅಥವಾ ಕೀಲಾಯ್ಡೇ ಆಗಿದ್ದರೆ, ಚರ್ಮವೈದ್ಯರ ಹತ್ತಿರ ಕಲೆಯೊಳಗೇ ಕೊಡುವ ಟ್ರಯಾಮ್ಸಿನಲೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್. ಮಿಲಿಲೀಟರಿಗೆ 10ರಿಂದ 40 ಮಿಲಿಗ್ರಾಂ, ನಾಲ್ಕರಿಂದ ಆರು ವಾರಕ್ಕೊಮ್ಮೆ. ಗಟ್ಟಿ ಕಲೆಯೊಳಗೆ ಔಷಧಿ ಕಷ್ಟಪಟ್ಟೇ ನುಗ್ಗುತ್ತೆ, ನೋವೂ ಇರುತ್ತೆ. ಸೂಜಿ ಕೆಳಗಿನ ಕೊಬ್ಬಿಗೆ ಇಳಿದರೆ ಸಲೀಸಾಗಿ ಹೋಗುತ್ತೆ, ಆಮೇಲೆ ಅಲ್ಲಿ ಗುಳಿ ಬೀಳುತ್ತೆ. ಸುತ್ತಲ ಚರ್ಮ ತಿಂಗಳುಗಟ್ಟಲೆ ಬಿಳಿಚಬಹುದು. ನಮ್ಮ ಮೈಬಣ್ಣಕ್ಕೆ ಅದು ಎದ್ದು ಕಾಣುತ್ತೆ. ಕೆಲವರು ಜೊತೆಗೆ ಫ್ಲೋರೋಯುರಾಸಿಲ್ ಎಂಬ ಕ್ಯಾನ್ಸರ್ ಔಷಧಿ ಬೆರೆಸುತ್ತಾರೆ, ಹಾಲೂಡಿಸುವವರಿಗೆ ಅದು ಬೇಡ. ಸೂಜಿ ಹಿಡಿಯುವ ಮೊದಲೇ ಹೇಳಿಬಿಡಿ.

— ಮೆಡಿಕಲ್ ಶಾಪಿನಲ್ಲಿ ‘ಕಲೆಗೆ’ ಅಂತ ಕೊಡುವ ಸ್ಟಿರಾಯ್ಡ್, ಹೈಡ್ರೋಕ್ವಿನೋನ್ (ಚರ್ಮದ ಬಣ್ಣ ತಿಳಿ ಮಾಡುವ ಔಷಧಿ) ಬೆರೆತ ಕ್ರೀಮು ಬಂಗಿನಂಥ ಕಪ್ಪಿಗೆ, ಉಬ್ಬಿಗಲ್ಲ. ಸನ್‌ಸ್ಕ್ರೀನೂ ಬಟ್ಟೆ ಮುಚ್ಚುವ ಜಾಗಕ್ಕೆ ದುಡ್ಡು ದಂಡ. ಇನ್ನೊಂದು: ಮುಟ್ಟು ಮರಳಿದ ಮೇಲೆ ಪ್ರತಿ ತಿಂಗಳೂ ಅದೇ ದಿನಗಳಲ್ಲಿ ಹೊಲಿಗೆಯಡಿ ಗಂಟು ಊದಿ ನೋಯುತ್ತಿದ್ದರೆ ಅದು ಬರೀ ಕಲೆಯಲ್ಲ, ಗರ್ಭಕೋಶದ ಒಳಪದರ ಅಲ್ಲಿ ಬೆಳೆದಿರಬಹುದು. ಶೀಟು ಬದಿಗಿಟ್ಟು ಹೆರಿಗೆ ಡಾಕ್ಟರಿಗೆ ತೋರಿಸಿ ಸ್ಕ್ಯಾನ್ ಮಾಡಿಸಿ.