ಅಪ್ಪ ತಗೊಂಡಿರೋ ರೆಸಾರ್ಟ್ ಟೈಮ್‌ಶೇರ್‌ನಿಂದ ಹೊರಗೆ ಬರೋದು ಹೇಗೆ? ಈ ಪೇಪರ್ ಕ್ರಯಪತ್ರನಾ ಅಲ್ವಾ?

ಹಾಸನದ ಮಗಳು:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಲೆಕ್ಕ ಹೇಳಿಕೊಡ್ತಿದ್ರು, ಹಾಸನದಲ್ಲೇ ಸ್ವಂತ ಮನೆ. 2016ರಲ್ಲಿ ಪೆಟ್ರೋಲ್ ಬಂಕ್ ಹತ್ರ ಯಾರೋ ಒಂದು ಕೂಪನ್ ತುಂಬಿಸ್ಕೊಂಡ್ರಂತೆ, ಆಮೇಲೆ ಫೋನ್ ಬಂತು, ನಿಮಗೆ ಗಿಫ್ಟ್ ಬಂದಿದೆ ಗಂಡ ಹೆಂಡ್ತಿ ಇಬ್ರೂ ಬನ್ನಿ ಅಂತ, ಬಿಎಂ ರೋಡಲ್ಲಿ ಒಂದು ಹೋಟೆಲ್ ಹಾಲ್‌ಗೆ ಕರೆಸಿ ಮೂರು ಗಂಟೆ ಕೂರಿಸಿ ಚಿಕ್ಕಮಗಳೂರಿನ ಬೆಟ್ಟದ ಫೋಟೋ ತೋರ್ಸಿ ಕೊನೆಗೆ ಸೈನ್ ಹಾಕಿಸ್ಕೊಂಡೇ ಕಳಿಸಿದ್ರು. ಟೈಮ್‌ಶೇರ್ ಅಂದ್ರೆ ವರ್ಷಕ್ಕೆ ಏಳು ರಾತ್ರಿ ಅವರ ರೆಸಾರ್ಟಲ್ಲಿ ಉಳ್ಕೊಳ್ಳೋದು, 25 ವರ್ಷ, ಒಟ್ಟು 3 ಲಕ್ಷ 20 ಸಾವಿರ. ಇಎಂಐ ಎಲ್ಲಾ ಮುಗಿದಿದೆ. ಆದ್ರೆ ಪ್ರತಿ ವರ್ಷ ಮೇಂಟೆನೆನ್ಸ್ ಅಂತ ಕಟ್ಬೇಕು, ಮೊದಲು 7,500 ಇತ್ತು, ಈಗ ಜಿಎಸ್‌ಟಿ ಸೇರಿ 16,800, ಅದು ಪಿಂಚಣಿ ಅಕೌಂಟಿಂದ ತಾನಾಗೇ ಕಟ್ ಆಗುತ್ತೆ.

ಇಷ್ಟು ವರ್ಷದಲ್ಲಿ ಹೋಗಿದ್ದು ಒಂದೇ ಸಲ, 2018ರ ಜುಲೈನಲ್ಲಿ, ಆಷಾಢದ ಮಳೆ, ಕರೆಂಟಿಲ್ಲ, ಎರಡೇ ದಿನಕ್ಕೆ ವಾಪಸ್ ಬಂದ್ರು. ದಸರಾ ರಜೆಗೆ ಕೇಳಿದ್ರೆ ರೂಮಿಲ್ಲ, ಬೇಸಿಗೆಗೆ ಕೇಳಿದ್ರೆ ರೂಮಿಲ್ಲ.

ನನಗೆ ಹೆಚ್ಚು ಸಂಕಟ ಆಗೋದು ಏನಂದ್ರೆ ಅಪ್ಪ ಅದನ್ನ ಆಸ್ತಿ ಅಂತ್ಲೇ ನಂಬಿದಾರೆ. ನೆಂಟ್ರು ಬಂದ್ರೆ "ಚಿಕ್ಕಮಗಳೂರಲ್ಲಿ ನಮ್ದೂ ಒಂದು ತುಂಡು ಜಾಗ ಇದೆ" ಅಂತಾರೆ. ಹಸಿರು ಫೈಲು, ಮೇಲೆ ಚಿನ್ನದ ಬಣ್ಣದ ಅಕ್ಷರ, ಒಳಗೆ ಓನರ್‌ಶಿಪ್ ಸರ್ಟಿಫಿಕೇಟ್ ಅಂತ ಒಂದು ಹಾಳೆ, 100 ರೂಪಾಯಿ ಇ-ಸ್ಟಾಂಪಲ್ಲಿ ಅಗ್ರಿಮೆಂಟ್. ಅದನ್ನ ಗಾದ್ರೆಜ್ ಬೀರುಲಿ ಎಲ್ಐಸಿ ಬಾಂಡು, ಮನೆ ಕ್ರಯಪತ್ರದ ಜೊತೆ ಇಟ್ಟಿದಾರೆ. ಇದು ನಿಜವಾಗ್ಲೂ ಆಸ್ತಿನಾ? ಅಪ್ಪನ ನಂತರ ನಮಗೆ ಬರುತ್ತಾ, ಈ ಮೇಂಟೆನೆನ್ಸ್ ಸಾಲನೂ ನಮ್ಮ ತಲೆಗೇ ಬರುತ್ತಾ? ಬಿಡಿಸ್ಕೊಳ್ಳೋದು ಹೇಗೆ?

ಬಾಂಡ್ ರೈಟರ್:

ತಂಗಿ, ನಾನು ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ರನೇ ಇಪ್ಪತ್ತೆರಡು ವರ್ಷದಿಂದ ಪತ್ರ ಬರೀತಿರೋನು. ಒಂದು ಕೆಲಸ ಮಾಡಿ, ಬೀರುಲಿರೋ ಮನೆ ಕ್ರಯಪತ್ರನೂ ಈ ಹಸಿರು ಫೈಲನ್ನೂ ಎರಡೂ ತೆಗೆದು ಪಕ್ಕ ಪಕ್ಕ ಇಟ್ಕೊಂಡು ಕೂತ್ಕೊಳ್ಳಿ, ಅಪ್ಪನ್ನೂ ಕೂರಿಸ್ಕೊಳ್ಳಿ, ನೀವು ಹೇಳೋದಕ್ಕಿಂತ ಅವರೇ ನೋಡ್ಲಿ.

ಮನೆ ಪತ್ರದ ಹಾಳೆ ತಿರುವಿ ಹಾಕಿ. ಸಬ್ ರಿಜಿಸ್ಟ್ರಾರ್ ಸೀಲು ಐತೆ, ದಸ್ತಾವೇಜು ನಂಬರ್ ಐತೆ, ಒಂದನೇ ಪುಸ್ತಕ ಅಂತ ಬರ್ದೈತೆ, ಕೊಟ್ಟೋರು ತಗೊಂಡೋರು ಹೆಬ್ಬೆಟ್ಟು, ಸಾಕ್ಷಿಗಳ ಸಹಿ. ಕೊನೇಲಿ ಷೆಡ್ಯೂಲು, ಅದ್ರಲ್ಲಿ ಚಕ್ಕುಬಂದಿ: ಪೂರ್ವಕ್ಕೆ ಇಂಥೋರ ಮನೆ, ಪಶ್ಚಿಮಕ್ಕೆ ರಸ್ತೆ, ಉದ್ದ ಇಷ್ಟು ಅಗಲ ಇಷ್ಟು. ಈಗ ಹಸಿರು ಫೈಲಲ್ಲಿ ಇವನ್ನೇ ಹುಡುಕಿ. ಸರ್ವೆ ನಂಬರ್ ಐತಾ? ಚಕ್ಕುಬಂದಿ ಐತಾ? ಸೀಲು ಐತಾ? ಇ-ಸ್ಟಾಂಪ್ ಮೇಲೆ ಯಾವ ತರದ ಪತ್ರ ಅಂತ ಪ್ರಿಂಟ್ ಆಗಿರುತ್ತೆ, ಅಲ್ಲಿ ಅಗ್ರಿಮೆಂಟ್ ಅಂತ ಐತಾ ಕನ್ವೇಯನ್ಸ್ ಅಂದ್ರೆ ಆಸ್ತಿ ವರ್ಗಾವಣೆ ಅಂತ ಐತಾ ಅದನ್ನೂ ನೋಡಿ.

ಕಾನೂನು ಏನಂದ್ರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ 54ನೇ ಸೆಕ್ಷನ್ನು, 1908ರ ನೋಂದಣಿ ಕಾಯ್ದೆ 17ನೇ ಸೆಕ್ಷನ್ನು, ಎರಡೂ ಹೇಳೋದು ಒಂದೇ, ನೂರು ರೂಪಾಯಿ ಮೇಲಿನ ಯಾವ ಸ್ಥಿರಾಸ್ತಿ ಕ್ರಯ ಆಗ್ಬೇಕಾದ್ರೂ ರಿಜಿಸ್ಟರ್ ಆಗ್ಲೇಬೇಕು. ಗುತ್ತಿಗೆನೂ ಒಂದು ವರ್ಷ ಮೀರಿದ್ರೆ ರಿಜಿಸ್ಟರ್ರೇ. ರಿಜಿಸ್ಟರ್ ಆಗ್ದೆ ಓನರ್‌ಶಿಪ್ ಸರ್ಟಿಫಿಕೇಟ್ ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಹಾಕಿದ್ರೂ ಜಾಗ ನಿಮ್ದಾಗಲ್ಲ. ನಿಮ್ಮಪ್ಪನ ಕೈಲಿರೋದು ಉಳ್ಕೊಳ್ಳೋ ಹಕ್ಕಿನ ಕರಾರು ಅಷ್ಟೇ ಅನ್ಸುತ್ತೆ. ಖಾತ್ರಿ ಮಾಡ್ಕೊಬೇಕು ಅಂದ್ರೆ ಕಂಪನಿಯೋರಿಗೆ ರೆಸಾರ್ಟಿನ ಸರ್ವೆ ನಂಬರ್ ಕೊಡಿ ಅಂತ ಬರವಣಿಗೇಲಿ ಕೇಳಿ, ಸಿಕ್ಕಿದ್ರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಇಸಿ, ಅಂದ್ರೆ ಆ ಜಾಗದ ಮೇಲೆ ರಿಜಿಸ್ಟರ್ ಆಗಿರೋ ಪತ್ರಗಳ ಪಟ್ಟಿ, ತೆಗೆಸಿ. ಪಹಣಿ ಇನ್ನೂ ನಡೀತಿರೋ ಜಮೀನಾದ್ರೆ 9ನೇ ಕಾಲಮ್ಮಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಋಣ ಇರುತ್ತೆ. ಅಪ್ಪನ ಹೆಸರು ಎಲ್ಲೂ ಇಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಬಿಡಿಸ್ಕೊಳ್ಳೋಕೆ ಅದೇ ಸುಲಭ. ಕರಾರನ್ನ ಕರಾರು ತರಾನೇ ಮುರೀಬಹುದು, ಕ್ರಯ ಆಗಿದ್ರೆ ಇನ್ನೊಬ್ಬ ತಗೊಳ್ಳೋನು ಬೇಕಾಗಿತ್ತು.

ಕಾಫಿ ಸೀಮೆ:

ನಾನು ಚಿಕ್ಕಮಗಳೂರಿನೋನೇ, ಇದೇ ತರದ ಮೆಂಬರ್‌ಶಿಪ್ ಇಂದ ಹೊರಗೆ ಬಂದಿದೀನಿ, ಪತ್ರ ಬರೆದ ಮೇಲೆ 14 ತಿಂಗಳು ಹಿಡೀತು, ಅದಕ್ಕೆ ಹೇಳ್ತಿದೀನಿ, ಫೋನಲ್ಲಿ ಮಾತ್ರ ಮಾತಾಡ್ಬೇಡಿ. ಫೋನಲ್ಲಿ ಪ್ರತಿ ಸಲ ಬೇರೆಯೋರು ಸಿಗ್ತಾರೆ, ಪ್ರತಿ ಸಲ "ನೋಟ್ ಮಾಡ್ಕೊಂಡಿದೀವಿ ಸರ್" ಅಂತಾರೆ, ಎರಡು ವರ್ಷ ಅಲ್ಲೇ ಕಳ್ಕೊಂಡೆ ನಾನು. ಒಂದು ಪತ್ರ ಬರೀರಿ, ಮೆಂಬರ್‌ಶಿಪ್ ರದ್ದು ಮಾಡಿ, ಬಳಸದೆ ಇರೋ ವರ್ಷಗಳ ದುಡ್ಡು ವಾಪಸ್ ಕೊಡಿ, ಇನ್ಮೇಲೆ ಮೇಂಟೆನೆನ್ಸ್ ಒಪ್ಪಲ್ಲ ಅಂತ. ಅಪ್ಪನ ಸಹಿನೇ ಇರ್ಬೇಕು. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನ, ಅದನ್ನೇ ಇಮೇಲೂ ಮಾಡಿ. ಆಮೇಲೆ ಬ್ಯಾಂಕಿಗೆ ಹೋಗಿ ಆಟೋ ಡೆಬಿಟ್ ಮ್ಯಾಂಡೇಟ್ ಕ್ಯಾನ್ಸಲ್ ಅರ್ಜಿ ಕೊಟ್ಟು ಅಕ್ನಾಲೆಜ್‌ಮೆಂಟ್ ತಗೊಳ್ಳಿ. ಇಎಂಐ ಮುಗಿದಿದೆ ಅಂದ್ರಲ್ಲ ಅದು ಒಳ್ಳೇದಾಯ್ತು, ಇಎಂಐ ನಡೀತಿದ್ರೆ ಅದು ಬೇರೆ ಸಾಲ, ನಿಲ್ಸಿದ್ರೆ ಸಿಬಿಲ್ ಸ್ಕೋರ್ ಹಾಳಾಗುತ್ತೆ.

ರೂಮಿಲ್ಲ ಅಂದ ದಿನಾನೇ ಅದೇ ರೆಸಾರ್ಟ್ ರೂಮು ಬೇರೆ ಬುಕಿಂಗ್ ಆಪಲ್ಲಿ ದುಡ್ಡಿಗೆ ಸಿಗ್ತಿತ್ತಾ ನೋಡಿ, ಸ್ಕ್ರೀನ್‌ಶಾಟ್ ತಾರೀಕು ಸಮೇತ ಇಟ್ಕೊಳ್ಳಿ. ನನ್ನ ಕೇಸಲ್ಲಿ ಕೆಲಸಕ್ಕೆ ಬಂದಿದ್ದು ಅದೇ ಒಂದು.

ಉತ್ತರ ಬರ್ಲಿಲ್ಲ ಅಂದ್ರೆ 1915 ಗ್ರಾಹಕ ಸಹಾಯವಾಣಿ, ಅದಕ್ಕೂ ಬಗ್ಗಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಹೊಸ ಕಾಯ್ದೆ ಬಂದ್ಮೇಲೆ ನೀವಿರೋ ಜಿಲ್ಲೇಲೇ ಕೇಸ್ ಹಾಕ್ಬಹುದು, ಕಂಪನಿ ಆಫೀಸಿರೋ ಊರಿಗೆ ಅಲೀಬೇಕಾಗಿಲ್ಲ, ಹಾಸನದಲ್ಲೇ ಆಗುತ್ತೆ. ನೀವು ಕೊಟ್ಟಿರೋ ಬೆಲೆ 5 ಲಕ್ಷದ ಒಳಗಿದ್ರೆ ಫೀಸೂ ಇಲ್ಲ. ಅಗ್ರಿಮೆಂಟಲ್ಲಿ ಏನೇ ತಗಾದೆ ಇದ್ರೂ ಮುಂಬೈಲಿ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ತೀರ್ಮಾನ) ಅಂತೆಲ್ಲ ಹಾಕಿರ್ತಾರೆ, ಅದಿದ್ರೂ ಗ್ರಾಹಕ ಆಯೋಗಕ್ಕೆ ಹೋಗೋಕೆ ಅಡ್ಡಿ ಇಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಒಂದೇ ತೊಂದರೆ, ದೂರಿಗೆ ಕಾರಣ ಆದ ದಿನದಿಂದ ಎರಡು ವರ್ಷದ ಒಳಗೆ ಹಾಕ್ಬೇಕು, ತಡ ಆಗಿದ್ರೆ ಯಾಕೆ ಅಂತ ಬೇರೆ ಅರ್ಜಿ ಕೊಟ್ಟು ಅವರು ಒಪ್ಬೇಕು. ಅದಕ್ಕೇ ಈ ವರ್ಷ ಇನ್ನೊಂದು ಸಲ ರೂಮ್ ಕೇಳಿ, ಬರವಣಿಗೇಲಿ ಇಲ್ಲ ಅನ್ನಿಸ್ಕೊಳ್ಳಿ.

ನಮ್ಮಲ್ಲಿ ಟೈಮ್‌ಶೇರ್‌ಗೇ ಅಂತ ಪ್ರತ್ಯೇಕ ಕಾನೂನಿಲ್ಲ, ಅದಕ್ಕೇ ಸೈನ್ ಹಾಕಿದ ಮೇಲೆ ಎಷ್ಟು ದಿನದಲ್ಲಿ ಬೇಡ ಅನ್ಬಹುದು ಅನ್ನೋದು ಅಗ್ರಿಮೆಂಟಲ್ಲಿ ಬರ್ದಿರೋದ್ರ ಮೇಲೆ ಹೋಗುತ್ತೆ. ನನ್ನದ್ರಲ್ಲಿ 10 ದಿನ ಇತ್ತು, ಹಾಲಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಸಕಲೇಶಪುರದಿಂದ:

ಬಾಂಡ್ ರೈಟರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಚಿಕ್ಕಪ್ಪಂದು ಉಲ್ಟಾ ಕಥೆ, ಅವರಿಗೆ ರಿಜಿಸ್ಟರ್ಡ್ ಪತ್ರಾನೇ ಇದೆ, ಮೂಡಿಗೆರೆ ಕಡೆ ಒಂದು ಹೋಂಸ್ಟೇ ಪ್ರಾಜೆಕ್ಟಲ್ಲಿ ಅವಿಭಾಜ್ಯ ಪಾಲು, 36 ಜನ ಜಂಟಿ. ಇಸಿಲೂ ಹೆಸರು ಬರುತ್ತೆ. ಅವರೂ ಮೊದಲು ನನಗೆ ಬೇಡ ಅಂತ ಕಂಪನಿಗೆ ಪತ್ರ ಬರೆದ್ರು, ಆದ್ರೆ ಮಾಲೀಕತ್ವ ರಾಜೀನಾಮೆ ಕೊಟ್ರೆ ಹೋಗಲ್ಲ, ಹೆಸರು ಇರೋವರೆಗೂ ಕಂದಾಯ, ತಕರಾರು ಎಲ್ಲಾ ಅವರ್ದೇ. ಕೊನೆಗೆ ಆ 36 ಜನದಲ್ಲೇ ಒಬ್ರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಸಿ ರಿಜಿಸ್ಟರ್ ಮಾಡಿ ಕೊಟ್ರು. ಹಾಗಾಗಿ ಮೊದಲು ಕೈಲಿರೋದು ಯಾವ್ದು ಅಂತ ಗೊತ್ತಾಗ್ಬೇಕು.

ಇನ್ನೊಂದು, ಮೆಂಬರ್‌ಶಿಪ್ ಮಾರಿಸಿ ಕೊಡ್ತೀವಿ, ಮುಂಬೈಲಿ ಪಾರ್ಟಿ ರೆಡಿ ಇದಾರೆ, ಮೊದಲು ಟ್ರಾನ್ಸ್‌ಫರ್ ಚಾರ್ಜು ಕಳ್ಸಿ ಅಂತ ಫೋನ್ ಬರುತ್ತೆ. ಒಂದು ರೂಪಾಯಿನೂ ಕಳಿಸ್ಬೇಡಿ ಅಕ್ಕ. ಅಪ್ಪನಿಗೂ ಹೇಳಿಡಿ. ಅಕಸ್ಮಾತ್ ಕಳಿಸಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೇಲೂರು ರಸ್ತೆ:

ನಮ್ಮಕ್ಕ ಭಾವ ಅಮೆರಿಕದ ಫ್ಲಾರಿಡಾದಲ್ಲಿ ಇದಾರೆ, ಆರ್ಲ್ಯಾಂಡೊ ಹತ್ರ ಟೈಮ್‌ಶೇರ್ ತಗೊಂಡಿದಾರೆ. ಅಲ್ಲಿ ನಿಜವಾಗ್ಲೂ ಡೀಡ್, ಅಂದ್ರೆ ಮಾಲೀಕತ್ವದ ಪತ್ರ, ಕೊಡ್ತಾರೆ, ವರ್ಷದಲ್ಲಿ ಒಂದು ವಾರ ಆ ಯೂನಿಟ್ಟಿನ ಪಾಲು ನಿಮ್ದು ಅಂತ ಕೌಂಟಿ ಕಚೇರಿಲಿ ರೆಕಾರ್ಡ್ ಆಗುತ್ತೆ. ಮೇಂಟೆನೆನ್ಸ್ ಕಟ್ಟದಿದ್ರೆ ಮನೆ ಸಾಲ ಕಟ್ಟದಿದ್ದಾಗಿನ ತರ ಫೋರ್‌ಕ್ಲೋಷರ್ ಮಾಡಿ ಆ ಪಾಲನ್ನ ಕಿತ್ಕೊಳ್ತಾರೆ. ಆ ರಾಜ್ಯದ ಕಾನೂನಲ್ಲೇ 10 ದಿನದೊಳಗೆ ರದ್ದು ಮಾಡೋ ಹಕ್ಕಿದೆ, ಅದು ದಾಟಿದ್ರೆ ಕಂಪನಿನೇ ಡೀಡ್ ವಾಪಸ್ ತಗೊಳ್ಳೋಕೆ ಒಪ್ಬೇಕು. ಯೂಟ್ಯೂಬಲ್ಲಿ ಬರೋ ಸಲಹೆ ಎಲ್ಲಾ ಆ ತರದ್ದಕ್ಕೆ, ಅದನ್ನ ನೋಡ್ಕೊಂಡು ಡೀಡ್ ವಾಪಸ್ ತಗೊಳ್ಳಿ ಅಂತ ಇಲ್ಲಿ ಕೇಳಿದ್ರೆ ಪ್ರಯೋಜನ ಇಲ್ಲ, ಇಲ್ಲಿ ಡೀಡೇ ಕೊಟ್ಟಿರಲ್ಲ.

ನಂತರ ಯಾರಿಗೆ ಅಂತ ಕೇಳಿದ್ರಲ್ಲ, 1872ರ ಕಾಂಟ್ರಾಕ್ಟ್ ಕಾಯ್ದೆ 37ನೇ ಸೆಕ್ಷನ್ ಪ್ರಕಾರ ಕರಾರು ವಾರಸುದಾರರಿಗೂ ಬರಬಹುದು, ಆದ್ರೆ ಅಪ್ಪನ ಆಸ್ತಿಯಿಂದ ನಿಮ್ಮ ಕೈಗೆ ಬಂದಿದ್ದು ಎಷ್ಟೋ ಅಷ್ಟಕ್ಕೆ ಮಾತ್ರ ಹೊಣೆ, ನಿಮ್ಮ ಸಂಬಳ ಸ್ವಂತ ದುಡ್ಡು ಮುಟ್ಟೋ ಹಾಗಿಲ್ಲ. ಅಪ್ಪ ಗಟ್ಟಿಯಾಗಿರುವಾಗ್ಲೇ ಮುಗಿಸ್ಕೊಳ್ಳಿ.

ಹಾಸನದ ಮಗಳು:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಭಾನುವಾರ ಬೆಳಿಗ್ಗೆ ಊಟದ ಟೇಬಲ್ ಮೇಲೆ ಎರಡೂ ಪತ್ರ ಇಟ್ವಿ. ಅಪ್ಪ ಕನ್ನಡಕ ಹಾಕ್ಕೊಂಡು, ಪೇಪರ್ ವ್ಯಾಲ್ಯುಯೇಷನ್ ಮಾಡೋವಾಗ ಇಟ್ಕೊಳ್ತಿದ್ರಲ್ಲ ಹಂಗೇ ಸ್ಕೇಲ್ ಇಟ್ಟು ಸಾಲು ಸಾಲು ಓದಿದ್ರು. ಮನೆ ಪತ್ರದಲ್ಲಿ ಪೂರ್ವಕ್ಕೆ ಅಂತ ನಮ್ಮ ಪಕ್ಕದ ಮನೆಯೋರ ಹೆಸರು ಬಂತು, ಅದನ್ನ ಜೋರಾಗಿ ಓದಿದ್ರು. ಹಸಿರು ಫೈಲಲ್ಲಿ ಷೆಡ್ಯೂಲ್ ಅಂತ ಇರೋ ಪುಟದಲ್ಲಿ ರೂಮ್ ಟೈಪು, ಸೀಸನ್ ಬಣ್ಣ, ಇಷ್ಟೇ. ಸರ್ವೆ ನಂಬರಿಲ್ಲ, ಸೀಲಿಲ್ಲ. 11ನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇಂಗ್ಲಿಷಲ್ಲಿ ಇತ್ತು, ಮೆಂಬರ್‌ಗೆ ಸ್ಥಿರಾಸ್ತಿಲಿ ಯಾವ ಹಕ್ಕೂ ಇರಲ್ಲ ಅಂತ. ಅಪ್ಪ ಅದನ್ನ ಎರಡು ಸಲ ಓದಿ ಸ್ಕೇಲ್ ಅಲ್ಲೇ ಬಿಟ್ಟು ಎದ್ದು ಹಿತ್ಲಿಗೆ ಹೋದ್ರು. ನಾನೂ ಅಮ್ಮನೂ ಏನೂ ಮಾತಾಡ್ಲಿಲ್ಲ.

ಸಾಯಂಕಾಲ ಅವರೇ ಬಂದು ಪತ್ರ ನಾನೇ ಬರೀತೀನಿ ಅಂದ್ರು, ಕೈಬರಹದಲ್ಲಿ ಎರಡು ಪುಟ, ಪ್ರತಿ ವರ್ಷ ಎಷ್ಟು ಕಟ್ಟಿದೀನಿ ಅಂತ ಪಾಸ್‌ಬುಕ್ ನೋಡಿ ಕೂಡಿ ಬರ್ದಿದಾರೆ. ಸೋಮವಾರ ಸ್ಪೀಡ್ ಪೋಸ್ಟ್ ಆಯ್ತು. ಸರ್ವೆ ನಂಬರ್ ಕೇಳಿರೋ ಮೇಲ್‌ಗೆ ಇನ್ನೂ ಉತ್ತರ ಇಲ್ಲ. ನಾಳೆ ಬ್ಯಾಂಕಿಗೆ ಹೋಗ್ತಿದೀವಿ. ಅಣ್ಣ, ಕೈಬರಹದ ಪತ್ರ ಆದ್ರೆ ಗ್ರಾಹಕ ಆಯೋಗದಲ್ಲಿ ನಡೆಯುತ್ತಾ?

ಬಾಂಡ್ ರೈಟರ್:

ಧಾರಾಳವಾಗಿ ನಡೆಯುತ್ತೆ. ಕಳ್ಸೋಕೆ ಮುಂಚೆ ಜೆರಾಕ್ಸ್ ಮಾಡಿಸಿದ್ರಾ? ಪೋಸ್ಟ್ ರಸೀದಿನ ಅದ್ರ ಮೇಲೆ ಪಿನ್ ಹಾಕಿಡಿ, 11ನೇ ಪುಟದ್ದೂ ಒಂದು ಕಾಪಿ. ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಿ.