ಮೊದಲ ಅಸೆಸ್‌ಮೆಂಟ್‌ಗೆ ಆರು ವಾರ: ಕ್ಯುಸಿ (ಕ್ವಾಲಿಟಿ ಕಂಟ್ರೋಲ್), ಪಿಪೆಟ್, ಪಿಟಿ ಬಗ್ಗೆ ಮೂರು ಅನುಮಾನ

ಬೆಂಚ್_ಬಯೋಕೆಮ್:
ಎಲ್ಲರಿಗೂ ನಮಸ್ಕಾರ. ಐಎಸ್‌ಒ 15189:2022 (ವೈದ್ಯಕೀಯ ಲ್ಯಾಬುಗಳ ಗುಣಮಟ್ಟದ ಮಾನದಂಡ) ಪ್ರಕಾರ ಮಾನ್ಯತೆಗೆ ಅರ್ಜಿ ಹಾಕಿದ್ದೇವೆ. ಬಯೋಕೆಮಿಸ್ಟ್ರಿ ಮತ್ತು ಹೆಮಟಾಲಜಿ ಎರಡೇ ವಿಭಾಗ, ಎಲೆಕ್ಟ್ರೊಲೈಟ್ ಮಾಡುವುದಿಲ್ಲ. ಎಸ್‌ಒಪಿಗಳೆಲ್ಲ (ಕೆಲಸದ ಲಿಖಿತ ವಿಧಾನಗಳು) ಮುಗಿದಿವೆ. ಮೂರು ಕಡೆ ಧೈರ್ಯ ಸಾಲುತ್ತಿಲ್ಲ.

1. ಗ್ಲೂಕೋಸ್ ಕಂಟ್ರೋಲ್ (ಮೌಲ್ಯ ಮೊದಲೇ ಗೊತ್ತಿರುವ, ದಿನವೂ ಹಾಕಿ ನೋಡುವ ಸ್ಯಾಂಪಲ್) ಲೆವೆಲ್ 1ಕ್ಕೆ ಕಂಪನಿಯ ಶೀಟಿನಲ್ಲಿ 90–110 ಎಂದಿದೆ. ನಮ್ಮ ರೀಡಿಂಗ್ ಸಾಮಾನ್ಯವಾಗಿ 94ರಿಂದ 100ರ ಒಳಗೆ. ಚಾರ್ಟಿನಲ್ಲಿ ಎಲ್ಲ ಚುಕ್ಕೆಗಳೂ ಸರಾಸರಿ ಗೆರೆಯ ಕೆಳಗೇ ಬೀಳುತ್ತವೆ, ಆದರೆ ಒಂದೂ ಮಿತಿ ದಾಟಿಲ್ಲ. ಚಾರ್ಟ್ ಇಷ್ಟು ಚೆನ್ನಾಗಿರುವುದೇ ಪ್ರಶ್ನೆಯಾಗುತ್ತದೆಯೇ?
2. ಪಿಪೆಟ್, ಥರ್ಮಾಮೀಟರ್ ಎಲ್ಲಕ್ಕೂ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇದೆ. ಅಷ್ಟು ಸಾಕೇ?
3. ಕಳೆದ ಪಿಟಿ (ಹೊರಗಿನವರು ಕಳಿಸುವ ಸ್ಯಾಂಪಲ್ ಪರೀಕ್ಷಿಸಿ ಉತ್ತರ ಹೋಲಿಸುವ ಪ್ರಾವೀಣ್ಯ ಪರೀಕ್ಷೆ) ಸುತ್ತಿನಲ್ಲಿ ಗ್ಲೂಕೋಸ್ ಫೇಲ್. ನಮ್ಮದು 131, ನಿಗದಿತ ಮೌಲ್ಯ 118, ಎಸ್‌ಡಿ (ಫಲಿತಾಂಶಗಳು ಎಷ್ಟು ಚದುರುತ್ತವೆ ಎಂಬ ಅಳತೆ) 4. ಯೂರಿಯಾ, ಕ್ರಿಯಾಟಿನಿನ್ ಸ್ವಲ್ಪ ಮೇಲಿದ್ದರೂ ಸ್ಕೋರ್ 2ರೊಳಗೆ ಇದ್ದವು. ಕಾರಣದ ಕಾಲಂನಲ್ಲಿ 'ಸಿಬ್ಬಂದಿಯ ತಪ್ಪು, ತರಬೇತಿ ಕೊಡಲಾಗಿದೆ' ಎಂದು ಬರೆದು ಮುಚ್ಚಿದ್ದೇವೆ.

ಚಾರ್ಟ್_ಓದುಗ:
ಮೊದಲನೆಯದಕ್ಕೆ: ಖಂಡಿತ ಪ್ರಶ್ನೆಯಾಗುತ್ತದೆ. ಚೆನ್ನಾಗಿರುವುದು ಚಾರ್ಟ್ ಅಲ್ಲ, ಬೇಲಿ ತೀರಾ ಅಗಲವಾಗಿದೆ ಅಷ್ಟೇ. ಶೀಟಿನ 90–110 ಅನ್ನು ±2 ಎಸ್‌ಡಿ ಎಂದು ಹಿಡಿದರೆ ಸರಾಸರಿ 100, ಎಸ್‌ಡಿ 5. ಆ ರೇಂಜು ಬೇರೆ ಬೇರೆ ಲ್ಯಾಬುಗಳ ವ್ಯತ್ಯಾಸವನ್ನೂ ನುಂಗಿಕೊಂಡಿರುತ್ತದೆ. ನಿಮ್ಮ ಮೆಷಿನ್ನಿನ ನಿಜವಾದ ಸರಾಸರಿ ಸುಮಾರು 97, ಎಸ್‌ಡಿ 1.8 ಎಂದಿಟ್ಟುಕೊಳ್ಳಿ. ನಾಳೆ ಕಂಟ್ರೋಲ್ 103 ಬಂದರೆ ಕಂಪನಿಯ ಚಾರ್ಟಿನಲ್ಲಿ ಅದು +0.6 ಎಸ್‌ಡಿ, ಯಾರೂ ತಲೆ ಎತ್ತಿ ನೋಡುವುದಿಲ್ಲ. ನಿಮ್ಮ ಸ್ವಂತ ಚಾರ್ಟಿನಲ್ಲಿ ಅದೇ 103 +3.3 ಎಸ್‌ಡಿ. ಅಂದರೆ 1-3ಎಸ್ ನಿಯಮ (ಒಂದು ರೀಡಿಂಗ್ ಕೂಡ 3 ಎಸ್‌ಡಿ ದಾಟಬಾರದು) ಮುರಿದಿದೆ, ರಿಪೋರ್ಟ್ ನಿಲ್ಲಿಸಬೇಕು.

ಇನ್ನೂ ಒಂದು. ಎಲ್ಲ ಚುಕ್ಕೆಗಳೂ ಗೆರೆಯ ಕೆಳಗೇ ಎಂದು ನೀವೇ ಬರೆದಿದ್ದೀರಿ. ಸತತ ಹತ್ತು ಚುಕ್ಕೆ ಒಂದೇ ಬದಿಗೆ ಬಿದ್ದರೆ 10ಎಕ್ಸ್ ನಿಯಮ ಮುರಿದ ಹಾಗೆ. ನಿಮ್ಮ ಎಸ್‌ಒಪಿಯಲ್ಲಿ ವೆಸ್ಟ್‌ಗಾರ್ಡ್ ನಿಯಮಗಳನ್ನು (ಮೇಲಿನ ಎರಡೂ ಸೇರಿದ ಕಂಟ್ರೋಲ್ ನಿಯಮಗಳ ಕಟ್ಟು) ಅನುಸರಿಸುತ್ತೇವೆ ಎಂದಿದ್ದರೆ, ಗೋಡೆಯ ಮೇಲಿನ ಚಾರ್ಟೇ ಅದನ್ನು ಸುಳ್ಳು ಮಾಡುತ್ತಿದೆ.

ಇಂದಿನಿಂದಲೇ ಪ್ರತಿ ಲೆವೆಲ್‌ಗೆ ದಿನಕ್ಕೊಂದು ರೀಡಿಂಗ್‌ನಂತೆ 20 ದಿನ ಸಂಗ್ರಹಿಸಿ, ಸ್ವಂತ ಸರಾಸರಿ, ಸ್ವಂತ ಎಸ್‌ಡಿ ಹಾಕಿ. ಆರು ವಾರದಲ್ಲಿ ಆರಾಮಾಗಿ ಆಗುತ್ತದೆ.

ಲಾಟ್_ಬದಲಾವಣೆ:
ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. 20 ದಿನದ ಎಸ್‌ಡಿ ಸಾಮಾನ್ಯವಾಗಿ ತೀರಾ ಕಿರಿದು ಬರುತ್ತದೆ. ಆ ಅವಧಿಯಲ್ಲಿ ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ಲಾಟ್ ಬದಲಾಗಿರುವುದಿಲ್ಲ, ಕ್ಯಾಲಿಬ್ರೇಷನ್ ಒಂದೋ ಎರಡೋ ಆಗಿರುತ್ತದೆ. ಅದನ್ನೇ ಕಾಯಂ ಮಾಡಿದರೆ ದಿನಬಿಟ್ಟು ದಿನ ಸುಳ್ಳು ಅಲಾರಂ, ಆಮೇಲೆ ಬೆಂಚಿನವರು 'ಇನ್ನೊಮ್ಮೆ ಹಾಕು, ಒಳಗೆ ಬರುತ್ತೆ' ಎಂಬ ಚಾಳಿಗೆ ಬೀಳುತ್ತಾರೆ. ಆದ್ದರಿಂದ ಇದು ತಾತ್ಕಾಲಿಕ ಮಿತಿ, ಮೂರು ತಿಂಗಳಾದ ಮೇಲೆ ಒಟ್ಟು ಡೇಟಾದಿಂದ ಪರಿಷ್ಕರಿಸುತ್ತೇವೆ ಎಂದು ಎಸ್‌ಒಪಿಯಲ್ಲೇ ಬರೆಯಿರಿ. ಹಾಗೆಂದು ಮಿತಿ ದಾಟಿದ ರೀಡಿಂಗನ್ನು ಕಾರಣ ಬರೆಯದೆ ಲೆಕ್ಕದಿಂದ ತೆಗೆಯುವಂತಿಲ್ಲ.

ಟಾರ್_ಬಟನ್:
ಎರಡನೆಯ ಪ್ರಶ್ನೆಗೆ. ಸರ್ಟಿಫಿಕೇಟ್ ಫೈಲಿನಲ್ಲಿದ್ದರೆ ಸಾಲದು, ಅದನ್ನು ಓದಿ ನೀವು ಏನು ಮಾಡಿದಿರಿ ಎಂಬುದು ಬೇಕು. ಮೊದಲು ಕೊಟ್ಟ ಕ್ಯಾಲಿಬ್ರೇಷನ್ ಲ್ಯಾಬ್ ಐಎಸ್‌ಒ/ಐಇಸಿ 17025 (ಪರೀಕ್ಷಾ ಮತ್ತು ಕ್ಯಾಲಿಬ್ರೇಷನ್ ಲ್ಯಾಬುಗಳ ಮಾನದಂಡ) ಮಾನ್ಯತೆ ಪಡೆದಿದೆಯೇ, ಅದರ ಸ್ಕೋಪಿನಲ್ಲಿ ನಿಮ್ಮ ಉಪಕರಣದ ರೇಂಜು ಇದೆಯೇ ನೋಡಿ. ಐಎಸ್‌ಒ 9001 ಸರ್ಟಿಫಿಕೇಟ್ ಇಲ್ಲಿ ಲೆಕ್ಕಕ್ಕಿಲ್ಲ. ಅದು ನಿರ್ವಹಣಾ ವ್ಯವಸ್ಥೆಯ ಮಾತು, ಅಳತೆ ಮಾಡುವ ಸಾಮರ್ಥ್ಯದ ಮಾತಲ್ಲ.

ಥರ್ಮಾಮೀಟರ್ ತೆಗೆದುಕೊಳ್ಳಿ. ಸರ್ಟಿಫಿಕೇಟಿನ ಎರಡನೇ ಪುಟದಲ್ಲಿ 'ಕರೆಕ್ಷನ್ +0.6' ಎಂದಿರುತ್ತದೆ, ಫ್ರಿಜ್ ಲಾಗಿನಲ್ಲಿ ದಿನವೂ 7.6 ಡಿಗ್ರಿ ಬರೆದಿರುತ್ತಾರೆ. 2ರಿಂದ 8ರೊಳಗೆ ಇದೆ ಎಂದು ಎಲ್ಲರೂ ನಿಶ್ಚಿಂತೆ. ಕರೆಕ್ಷನ್ ಸೇರಿಸಿದರೆ ನಿಜವಾದ ತಾಪಮಾನ 8.2, ಕಿಟ್‌ಗಳೆಲ್ಲ ಮಿತಿಯ ಹೊರಗೆ. ಕರೆಕ್ಷನ್ ಅಂಕಿಯನ್ನು ಥರ್ಮಾಮೀಟರಿಗೇ ಚೀಟಿ ಅಂಟಿಸಿ ಬರೆಯಿರಿ, ಲಾಗಿನಲ್ಲಿ 'ಕಂಡದ್ದು', 'ಸರಿಪಡಿಸಿದ್ದು' ಎಂದು ಎರಡು ಕಾಲಂ ಮಾಡಿ. ತಿಂಗಳಿಡೀ ಒಂದೇ ಪೆನ್ನಿನಲ್ಲಿ 4.0, 4.0, 4.0 ಎಂದಿದ್ದರೆ ಯಾರೂ ನಂಬುವುದಿಲ್ಲ.

ಪಿಪೆಟ್‌ಗೆ ವರ್ಷಕ್ಕೊಮ್ಮೆ ಹೊರಗಿನ ಕ್ಯಾಲಿಬ್ರೇಷನ್ ಇದ್ದರೂ ನಡುವೆ ತೂಕದ ಪರೀಕ್ಷೆ ಮಾಡಿ. 100 ಮೈಕ್ರೊಲೀಟರ್ ಪಿಪೆಟ್ ಎಂದರೆ 0.01 ಮಿ.ಗ್ರಾಂ ತೋರಿಸುವ ತಕ್ಕಡಿ ಬೇಕು. ಡಿಸ್ಟಿಲ್ಡ್ ನೀರು, ಪಿಪೆಟ್, ಟಿಪ್ ಮೂರೂ ಅದೇ ಕೋಣೆಯಲ್ಲಿ ಕನಿಷ್ಠ ಎರಡು ಗಂಟೆ ಇರಲಿ. ಟಿಪ್ಪನ್ನು ಮೊದಲು ಐದು ಸಲ ಒದ್ದೆ ಮಾಡಿ, ಆಮೇಲೆ ಹತ್ತು ತೂಕ ತೆಗೆಯಿರಿ. ಸರಾಸರಿ 98.60 ಮಿ.ಗ್ರಾಂ ಬಂತು, ನೀರು 22 ಡಿಗ್ರಿ ಇತ್ತು ಎನ್ನೋಣ. ಆ ತಾಪಮಾನದ ಜ಼ಡ್ ಗುಣಾಂಕ (ತೂಕವನ್ನು ಗಾತ್ರಕ್ಕೆ ಬದಲಿಸುವ ಅಂಕಿ) 1.0033 ಹಾಕಿದರೆ 98.93 ಮೈಕ್ರೊಲೀಟರ್. ತಪ್ಪು ಶೇ. 1.07 ಕಡಿಮೆ. ಐಎಸ್‌ಒ 8655ರಲ್ಲಿ (ಪಿಪೆಟ್‌ಗಳ ಮಾನದಂಡ) ಈ ಗಾತ್ರಕ್ಕೆ ಇರುವ ಮಿತಿ ಶೇ. 0.8, ಹಾಗಾಗಿ ಪಿಪೆಟ್ ಫೇಲ್. ಹೆಚ್ಚಿನ ಸಲ ಒಳಗಿನ ಸೀಲ್ ಅಥವಾ ಓ-ರಿಂಗ್ ಸವೆದಿರುತ್ತದೆ. ದ್ರವ ಎಳೆದು ನೇರವಾಗಿ ಹಿಡಿದುಕೊಂಡಾಗ ಟಿಪ್ಪಿನ ತುದಿಯಲ್ಲಿ ಹನಿ ಮೂಡಿದರೆ ಸೋರಿಕೆ ಎಂದೇ ಅರ್ಥ.

ಬಾಟಲಿ_ಲೇಬಲ್:
ಮೂರನೆಯದೇ ನಿಜವಾಗಿ ಅಪಾಯದ್ದು. 131ರಿಂದ 118 ಕಳೆದು 4ರಿಂದ ಭಾಗಿಸಿದರೆ ಜ಼ಡ್ ಸ್ಕೋರ್ 3.25. 2ರವರೆಗೆ ಸರಿ, 2ರಿಂದ 3 ಎಚ್ಚರಿಕೆ, 3 ದಾಟಿದರೆ ಫೇಲ್. ಯೂರಿಯಾ, ಕ್ರಿಯಾಟಿನಿನ್ ಕೂಡ ಮೇಲಿದ್ದವು ಎಂದಿರಿ. ಸ್ಕೋರ್ ಬಿಡಿ, ಶೇಕಡಾವಾರು ಎಷ್ಟು ಮೇಲೆ ಎಂದು ಲೆಕ್ಕ ಹಾಕಿ ನೋಡಿ. ಗ್ಲೂಕೋಸ್ ಶೇ. 11 ಮೇಲಿದೆ.

ಬೆಂಚ್_ಬಯೋಕೆಮ್:
ಈಗಷ್ಟೇ ನೋಡಿದೆ. ಯೂರಿಯಾ ಶೇ. 10.5, ಕ್ರಿಯಾಟಿನಿನ್ ಶೇ. 11.5 ಮೇಲೆ. ಆಲ್ಬುಮಿನ್ ಕೂಡ ಹತ್ತಿರಹತ್ತಿರ 11.

ಬಾಟಲಿ_ಲೇಬಲ್:
ಹಾಗಾದರೆ ಗ್ಲೂಕೋಸ್ ವಿಧಾನದ ತಪ್ಪಲ್ಲ. ನಾಲ್ಕು ಬೇರೆ ಬೇರೆ ರಾಸಾಯನಿಕ ಕ್ರಿಯೆಗಳು ಒಂದೇ ಪ್ರಮಾಣದಲ್ಲಿ ಏರಬೇಕಾದರೆ ಬಾಟಲಿಯಲ್ಲಿ ಕರಗಿಸಿದ ಪಿಟಿ ಸ್ಯಾಂಪಲ್ಲೇ ನೀರು ಕಡಿಮೆ ಬಿದ್ದು ಗಟ್ಟಿಯಾಗಿರಬೇಕು. 5 ಮಿ.ಲೀ. ನೀರಿನ ಜಾಗದಲ್ಲಿ 4.5 ಬಿದ್ದರೆ ಎಲ್ಲವೂ 1.11 ಪಟ್ಟು. 118 ಗುಣಿಸು 1.11, ನಿಮ್ಮ 131 ಬಂತು. ಒಣಪುಡಿಯ ಸ್ಯಾಂಪಲ್ಲಿಗೆ ನೀರು ಹಾಕಿದ್ದು ಯಾವುದರಿಂದ? ಸಿರಿಂಜ್ ಅಥವಾ 1 ಮಿ.ಲೀ. ಪಿಪೆಟ್‌ನಿಂದ ಐದು ಸಲ ಎಂದಾದರೆ ಎಣಿಕೆ ತಪ್ಪುವುದು, ಗುಳ್ಳೆ ಸೇರುವುದು ಎರಡೂ ಸುಲಭ. 5 ಮಿ.ಲೀ. ಎ-ಗ್ರೇಡ್ ಗಾಜಿನ ವಾಲ್ಯುಮೆಟ್ರಿಕ್ ಪಿಪೆಟ್ ಒಂದೇ ಸಲ ಬಳಸುವಂತೆ ಎಸ್‌ಒಪಿ ಬದಲಿಸಿ.

ಆ ದಿನದ ಕಂಟ್ರೋಲ್ ಸರಿಯಿತ್ತೇ ಎಂದೂ ಲಗತ್ತಿಸಿ. ಸರಿಯಿದ್ದರೆ ರೋಗಿಗಳ ಫಲಿತಾಂಶಕ್ಕೆ ತೊಂದರೆ ಆಗಿಲ್ಲ ಎನ್ನಲು ಆಧಾರ ಸಿಗುತ್ತದೆ. ಆದರೆ ಆ ಕಂಟ್ರೋಲೂ ಒಣಪುಡಿಯದಾಗಿದ್ದು, ಅದೇ ಕೈ, ಅದೇ ಸಿರಿಂಜ್‌ನಿಂದ ಕರಗಿಸಿದ್ದಾದರೆ ಮತ್ತೆ ಯೋಚಿಸಬೇಕು. ಕ್ಯಾಲಿಬ್ರೇಟರ್ (ಮೆಷಿನ್ನಿನ ಅಳತೆ ಹೊಂದಿಸುವ ದ್ರಾವಣ) ಕೂಡ ಹಾಗೆಯೇ ಕರಗಿಸಿದ್ದಾದರೆ ಇನ್ನೂ ಗಂಭೀರ: ಅದು ಗಟ್ಟಿಯಾದರೆ ರೋಗಿಗಳ ರಿಪೋರ್ಟ್ ಎಲ್ಲವೂ ಕಡಿಮೆ ಬರುತ್ತದೆ. 'ಸಿಬ್ಬಂದಿಯ ತಪ್ಪು' ಎಂಬ ಸಾಲಿನ ಕೆಳಗೆ ಇಷ್ಟೆಲ್ಲ ಅಡಗಿತ್ತು ನೋಡಿ. ಹಳೆಯ ಸಾಲನ್ನು ವೈಟ್ನರ್ ಹಚ್ಚಿ ಅಳಿಸಬೇಡಿ. ಓದಲು ಬರುವಂತೆ ಒಂದೇ ಗೆರೆ ಎಳೆದು, ಇಂದಿನ ದಿನಾಂಕ, ಸಹಿ ಹಾಕಿ ಕೆಳಗೆ ಹೊಸ ವಿಶ್ಲೇಷಣೆ ಬರೆಯಿರಿ.

ಚಾರ್ಟ್_ಓದುಗ:
ಉಳಿದ ಸಮಯದಲ್ಲಿ ಮಾಡಬೇಕಾದ್ದು ಇದೊಂದು: ಮೂರು ತಿಂಗಳ ಹಿಂದಿನ ಐದು ರಿಪೋರ್ಟ್ ನಂಬರ್ ಕಣ್ಣುಮುಚ್ಚಿ ಆರಿಸಿ, ಹಿಂದಕ್ಕೆ ನಡೆಯಿರಿ. ರಿಕ್ವೆಸ್ಟ್ ಫಾರಂ, ರಕ್ತ ತೆಗೆದ ಸಮಯ, ಲ್ಯಾಬಿಗೆ ಬಂದ ಸಮಯ, ಆ ದಿನದ ಕಂಟ್ರೋಲ್, ರೀಏಜೆಂಟ್ ಲಾಟ್ ಮತ್ತು ತೆರೆದ ದಿನಾಂಕ, ಲಾಟ್ ಬದಲಾದಾಗ ಹಳೆ-ಹೊಸದರ ಹೋಲಿಕೆ, ಮೆಷಿನ್ ನಡೆಸಿದವರ ಸಾಮರ್ಥ್ಯ ಪರೀಕ್ಷೆಯ ದಾಖಲೆ, ಕ್ರಿಟಿಕಲ್ (ರೋಗಿಗೆ ತಕ್ಷಣದ ಅಪಾಯ ಸೂಚಿಸುವ) ಮೌಲ್ಯವಾದರೆ ಯಾರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದ್ದು, ಅವರು ತಿರುಗಿ ಓದಿ ಹೇಳಿದರೇ. ಎಲ್ಲಿ ಸರಪಳಿ ತುಂಡಾಗುತ್ತದೋ ಅಲ್ಲಿ ಕೆಲಸ ಬಾಕಿ ಇದೆ. ಅಸೆಸರ್ ಕೂಡ ಇದೇ ದಾರಿಯಲ್ಲಿ ಬರುತ್ತಾರೆ. ಹೆಚ್ಚಾಗಿ ತುಂಡಾಗುವುದು ಲಾಟ್ ಹೋಲಿಕೆಯಲ್ಲಿ ಮತ್ತು ರಾತ್ರಿ ಪಾಳಿಯವರ ಫೋನ್ ದಾಖಲೆಯಲ್ಲಿ.

ಬೆಂಚ್_ಬಯೋಕೆಮ್:
ನೀರು ಹಾಕಿದ್ದು ಸಿರಿಂಜ್‌ನಿಂದಲೇ. ಕ್ಯಾಲಿಬ್ರೇಟರ್‌ಗೂ ಅದೇ. ನಾಳೆ ಬೆಳಿಗ್ಗೆ ಕ್ಯಾಲಿಬ್ರೇಟರ್‌ನ ಹೊಸ ಬಾಟಲಿಯನ್ನು ಗಾಜಿನ ಪಿಪೆಟ್‌ನಿಂದ ಕರಗಿಸಿ, ರೀ-ಕ್ಯಾಲಿಬ್ರೇಟ್ ಮಾಡಿ, ಫ್ರೀಜರಿನಲ್ಲಿರುವ ರೋಗಿಗಳ ಸೀರಂ ಮೊದಲು ಮತ್ತೆ ಪರೀಕ್ಷೆಗೆ ಹಾಕುತ್ತೇವೆ.